ನೋವು ನಿಂತ ಮೇಲೆ ಕಿವಿಯೊಳಗೆ ಉಳಿಯುವುದೇನು?

ಪ್ರಶ್ನೆ: ನಾವು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯವರು. ಮಗಳಿಗೆ ಎರಡೂವರೆ ವರ್ಷ, ತೂಕ 12 ಕಿಲೊ. ಕಳೆದ ತಿಂಗಳು ಅವಳಿಗೆ ನಾಲ್ಕು ದಿನ ನೆಗಡಿಯಿತ್ತು. ಐದನೆಯ ದಿನ ರಾತ್ರಿ ಒಂದು ಗಂಟೆಯ ಹೊತ್ತಿಗೆ ಬಲಗಿವಿ ಹಿಡಿದುಕೊಂಡು ಚೀರತೊಡಗಿದಳು. ಜ್ವರ 102 ಡಿಗ್ರಿ ದಾಟಿತ್ತು. ಅತ್ತೆಯವರು ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆಯನ್ನು ಆರಿಸಿ ಎರಡು ಹನಿ ಬಿಟ್ಟರು. ಬೆಳಗಿನ ಜಾವ ಅಳು ತಟ್ಟನೆ ನಿಂತು ನಿದ್ದೆ ಹೋದಳು. ಬೆಳಕಾದ ಮೇಲೆ ನೋಡಿದರೆ ದಿಂಬಿನ ಮೇಲೆ ರಕ್ತ ಬೆರೆತ ಹಳದಿ ಕೀವು. ವೈದ್ಯರು ಕಿವಿತಮಟೆಯಲ್ಲಿ ಸಣ್ಣ ತೂತು ಬಿದ್ದಿದೆ ಎಂದು ಹೇಳಿ ಹತ್ತು ದಿನಕ್ಕೆ ಆಂಟಿಬಯೋಟಿಕ್ ಕೊಟ್ಟರು. ಸೋರುವುದು ಆರು ದಿನಕ್ಕೆ ನಿಂತಿತು. ಈಗ ಮೂರು ವಾರವಾಗಿದೆ. ನೋವಿಲ್ಲ, ಜ್ವರವಿಲ್ಲ. ಆದರೆ ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಟಿವಿ ಜೋರು ಮಾಡು ಎಂದು ಹಟ ಮಾಡುತ್ತಾಳೆ. ಎಣ್ಣೆಯಿಂದ ತಮಟೆ ಒಡೆಯಿತೇ? ರಾತ್ರಿಯೇ ಶಿವಮೊಗ್ಗಕ್ಕೆ ಓಡಬೇಕಿತ್ತೇ? ಇಂಥದ್ದಕ್ಕೆ ಆಂಟಿಬಯೋಟಿಕ್ ಬೇಕಿರಲಿಲ್ಲ ಎಂದು ಕೆಲವರು ಹೇಳುತ್ತಾರೆ, ನಿಜವೇ? ಅವಳಿಗೆ ಕಿವಿ ಮಂದವಾಗಿಯೇ ಉಳಿಯುತ್ತದೆಯೇ?

ಉತ್ತರ: ಮೊದಲು ನಿಮ್ಮ ಮನೆಯ ಮೇಲಿರುವ ಒಂದು ಭಾರವನ್ನು ಇಳಿಸುತ್ತೇನೆ. ತಮಟೆ ಒಡೆದದ್ದು ಎಣ್ಣೆಯಿಂದಲ್ಲ. ಅದು ಒಳಗಿನ ಒತ್ತಡಕ್ಕೆ ಹೊರಮುಖವಾಗಿ ಒಡೆಯಿತು, ಎಣ್ಣೆ ಇದ್ದದ್ದು ಹೊರಬದಿಯಲ್ಲಿ. ಅತ್ತೆಯವರು ಒಂದು ಹನಿಯನ್ನೂ ಬಿಡದಿದ್ದರೂ ಆ ಬೆಳಗಿನ ಜಾವ ಅದು ಒಡೆಯುತ್ತಿತ್ತು. ರಾತ್ರಿ ಒಂದು ಗಂಟೆಗೆ ಆಗುಂಬೆ ಕಡೆಯ ಮಳೆಯಲ್ಲಿ ಮಗುವನ್ನು ಎತ್ತಿಕೊಂಡು ಶಿವಮೊಗ್ಗಕ್ಕೆ ಹೋಗದೆ ಇದ್ದದ್ದೂ ತಪ್ಪಲ್ಲ. ಆಂಟಿಬಯೋಟಿಕ್ ವಿಚಾರವನ್ನು ಮುಂದೆ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕೊನೆಯ ಮಾತು: ನೋವಿಲ್ಲ, ಜ್ವರವಿಲ್ಲ, ಆದರೆ ಕರೆದರೆ ತಿರುಗುವುದಿಲ್ಲ. ಮಧ್ಯಕಿವಿಯ ಸೋಂಕು ಎಂಬ ಈ ಕಾಯಿಲೆಯಲ್ಲಿ ಮನೆಯವರೆಲ್ಲ ಎದ್ದು ಕೂರುವುದು ಚೀರಾಟದ ರಾತ್ರಿ. ನಾನು ಹೆಚ್ಚು ಎಚ್ಚರದಿಂದ ನೋಡುವುದು ಆಮೇಲಿನ ಸದ್ದಿಲ್ಲದ ವಾರಗಳನ್ನು. ಅದೇಕೆ ಎಂದು ತಿಳಿಯಲು ಆ ಐದು ದಿನ ಅವಳ ಕಿವಿಯೊಳಗೆ ಏನೇನು ನಡೆಯಿತೆಂಬುದನ್ನು ಮೊದಲಿನಿಂದ ನೋಡಬೇಕು.

ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯೊಂದಿದೆ. ಅದೇ ಮಧ್ಯಕಿವಿ. ಒಂದೆರಡು ಮಿಲಿಲೀಟರ್ ಹಿಡಿಯುವಷ್ಟು ಜಾಗ, ಅಷ್ಟೇ. ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ನಾವು ಕರೆಯುವ ಮೂರು ಮೂಳೆಗಳು ಅಲ್ಲಿ ತೂಗಾಡುತ್ತ, ತಮಟೆಯ ಕಂಪನವನ್ನು ಒಳಗಿವಿಗೆ ದಾಟಿಸುತ್ತವೆ. ರಿಕಾಪು ಮೂಳೆಯ ಎತ್ತರ ಸುಮಾರು 3 ಮಿಲಿಮೀಟರ್. ನಮ್ಮ ಮೈಯಲ್ಲಿ ಅದಕ್ಕಿಂತ ಚಿಕ್ಕ ಮೂಳೆ ಇಲ್ಲ. ಇಷ್ಟು ನಾಜೂಕಾದ ವ್ಯವಸ್ಥೆ ಕೆಲಸ ಮಾಡಬೇಕಾದರೆ ತಮಟೆಯ ಎರಡೂ ಬದಿಯ ಗಾಳಿಯ ಒತ್ತಡ ಸಮವಾಗಿರಬೇಕು. ಈ ಕೋಣೆಗೆ ಗಾಳಿ ಬರಲು ಇರುವುದು ಒಂದೇ ದಾರಿ. ಕೋಣೆಯಿಂದ ಹೊರಟು ಮೂಗಿನ ಹಿಂಭಾಗದಲ್ಲಿ, ಗಂಟಲಿನ ಮೇಲ್ಗಡೆ ತೆರೆಯುವ ನಾಳ ಅದು. 16ನೆಯ ಶತಮಾನದ ಇಟಲಿಯ ಅಂಗರಚನಾ ತಜ್ಞ ಬಾರ್ತೊಲೊಮೆಯೊ ಯೂಸ್ಟೇಕಿಯ ಹೆಸರಿನಲ್ಲಿ ಅದನ್ನು ಯೂಸ್ಟೇಷಿಯನ್ ನಾಳ ಎನ್ನುತ್ತೇವೆ. ಘಾಟಿ ಇಳಿಯುವಾಗ ಕಿವಿ ಕಟ್ಟಿಕೊಂಡು, ಉಗುಳು ನುಂಗಿದಾಗ ಟಪ್ ಎಂದು ಬಿಡುತ್ತದಲ್ಲ, ಆಗ ಬಾಯಿ ತೆರೆದದ್ದು ಇದೇ ನಾಳ. ಉಳಿದ ಹೊತ್ತೆಲ್ಲ ಅದು ಮುಚ್ಚಿಕೊಂಡೇ ಇರುತ್ತದೆ. ನುಂಗಿದಾಗ, ಆಕಳಿಸಿದಾಗ ಅಂಗುಳಿನ ಸ್ನಾಯು ಎಳೆದು ಕ್ಷಣಕಾಲ ತೆರೆಯುತ್ತದೆ.

ದೊಡ್ಡವರಲ್ಲಿ ಈ ನಾಳ ಸುಮಾರು 36 ಮಿಲಿಮೀಟರ್ ಉದ್ದವಿದ್ದು, 45 ಡಿಗ್ರಿಯಷ್ಟು ಇಳಿಜಾರಾಗಿರುತ್ತದೆ. ಎಳೆಯ ಕೂಸಿನಲ್ಲಿ ಅದರ ಉದ್ದ ಹೆಚ್ಚುಕಡಿಮೆ ಇದರ ಅರ್ಧ, ಇಳಿಜಾರು ಹತ್ತು ಡಿಗ್ರಿಯ ಆಸುಪಾಸು. ಅಂದರೆ ನಾಳ ಬಹುತೇಕ ಮಲಗಿಕೊಂಡೇ ಇರುತ್ತದೆ. ಅದನ್ನು ತೆರೆಯುವ ಸ್ನಾಯುವಿಗೆ ಇನ್ನೂ ಹಿಡಿತ ಬಂದಿರುವುದಿಲ್ಲ. ಸಾಲದ್ದಕ್ಕೆ ನಾಳದ ಬಾಯಿಯ ಪಕ್ಕದಲ್ಲೇ ಅಡಿನಾಯ್ಡ್ ಎಂಬ ಗ್ರಂಥಿ ಊದಿಕೊಂಡು ಕೂತಿರುತ್ತದೆ. ಆರು ತಿಂಗಳಿಂದ ಎರಡು ವರ್ಷದವರೆಗಿನ ಮಕ್ಕಳಲ್ಲಿ ಈ ಸೋಂಕು ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವುದು, ಶಾಲೆಗೆ ಹೋಗುವ ವಯಸ್ಸು ದಾಟುತ್ತಿದ್ದಂತೆ ತಾನಾಗಿಯೇ ಕಡಿಮೆಯಾಗುವುದು ಇದೇ ಕಾರಣಕ್ಕೆ. ಮಗುವಿನ ಸಾಕಣೆಯಲ್ಲಿ ನೀವು ಎಲ್ಲಿ ತಪ್ಪಿದಿರಿ ಎಂದು ಹುಡುಕುತ್ತ ಕೂರಬೇಡಿ.

ನೆಗಡಿಯ ವೈರಸ್ ಮೂಗಿನ ಲೋಳೆಪೊರೆಯನ್ನು ಊದಿಸುತ್ತದೆ. ಅದೇ ಪೊರೆ ನಾಳದ ಒಳಗೂ ಮುಂದುವರಿದಿರುವುದರಿಂದ ನಾಳವೂ ಊದಿಕೊಂಡು ಮುಚ್ಚಿಹೋಗುತ್ತದೆ. ಕೋಣೆಯೊಳಗೆ ಸಿಕ್ಕಿಕೊಂಡ ಗಾಳಿಯನ್ನು ಸುತ್ತಲಿನ ಪೊರೆ ನಿಧಾನವಾಗಿ ಹೀರಿಕೊಳ್ಳುತ್ತ ಹೋಗುತ್ತದೆ; ಹೊಸ ಗಾಳಿ ಬರುವುದಿಲ್ಲ. ಒತ್ತಡ ಇಳಿದು ತಮಟೆ ಒಳಕ್ಕೆ ಸೆಳೆದುಕೊಳ್ಳುತ್ತದೆ. ಈ ಹಂತದಲ್ಲಿ ದೊಡ್ಡವರಾದರೆ ಕಿವಿ ಕಟ್ಟಿದಂತಿದೆ ಎನ್ನುತ್ತಾರೆ. ಎರಡೂವರೆ ವರ್ಷದ ಮಗು ಸುಮ್ಮನೆ ಕಿರಿಕಿರಿ ಮಾಡುತ್ತದೆ, ಊಟ ಬೇಡ ಎನ್ನುತ್ತದೆ, ಕಿವಿ ಮುಟ್ಟಿಕೊಳ್ಳುತ್ತದೆ. ಬಹಳಷ್ಟು ನೆಗಡಿಗಳು ಇಲ್ಲಿಗೇ ನಿಂತು ಹಿಂದಕ್ಕೆ ಹೋಗುತ್ತವೆ, ನಮಗೆ ಗೊತ್ತೂ ಆಗುವುದಿಲ್ಲ.

ನಿಮ್ಮ ಮಗಳಲ್ಲಿ ಹಾಗಾಗಲಿಲ್ಲ. ಒತ್ತಡ ಇಳಿದ ಕೋಣೆಗೆ ಸುತ್ತಲಿನ ಪೊರೆಯಿಂದ ನೀರು ಒಸರುತ್ತದೆ. ಮೂಗಿನ ಹಿಂಭಾಗದಲ್ಲಿ ಆರೋಗ್ಯವಂತ ಮಕ್ಕಳಲ್ಲೂ ತೆಪ್ಪಗೆ ವಾಸವಾಗಿರುವ ಬ್ಯಾಕ್ಟೀರಿಯಾಗಳಿಗೆ ಆ ನಿಂತ ನೀರು ಸಿಕ್ಕಿಬಿಡುತ್ತದೆ. ಮುಖ್ಯವಾಗಿ ಮೂರು ಬಗೆ: ನ್ಯೂಮೊಕಾಕಸ್, ಹೀಮೊಫಿಲಸ್ ಇನ್‌ಫ್ಲುಯೆಂಜೆ, ಮೊರಾಕ್ಸೆಲ್ಲ. ಅವು ನಾಳದ ಮೂಲಕ ಮೇಲೇರಿ ಅಲ್ಲಿ ಬೆಳೆಯುತ್ತವೆ, ದೇಹ ಅವುಗಳ ಮೇಲೆ ಬಿಳಿ ರಕ್ತಕಣಗಳನ್ನು ಕಳಿಸುತ್ತದೆ, ನೀರು ಕೀವಾಗುತ್ತದೆ. ಇದು ನಡೆಯುವುದು ಬಹುಮಟ್ಟಿಗೆ ನೆಗಡಿ ಶುರುವಾಗಿ ಮೂರ್ನಾಲ್ಕು ದಿನ ಕಳೆದ ಮೇಲೆ. ಮೂಗು ಸ್ವಲ್ಪ ಹಗುರಾಯಿತು ಅನ್ನಿಸುವ ಹೊತ್ತಿಗೆ ಜ್ವರ ಮತ್ತೆ ಏರಿದರೆ ಕಿವಿಯನ್ನು ನೋಡಬೇಕು ಎಂದು ನಾವು ಕಿರಿಯ ವೈದ್ಯರಿಗೆ ಹೇಳಿಕೊಡುವುದು ಇದಕ್ಕೇ.

ಈ ಬದಲಾವಣೆಗಳನ್ನೆಲ್ಲ ಆಟೋಸ್ಕೋಪ್ ಎಂಬ ಬೆಳಕಿನ ಉಪಕರಣದಲ್ಲಿ ಕಣ್ಣಾರೆ ನೋಡಬಹುದು. ಆರೋಗ್ಯವಾದ ತಮಟೆ ಮುತ್ತಿನಂತೆ ಬೂದು ಬಣ್ಣಕ್ಕಿದ್ದು, ಬೆಳಕು ಬಿದ್ದಾಗ ಒಂದು ಮೂಲೆಯಲ್ಲಿ ಮಿಣುಗುತ್ತದೆ. ಸೋಂಕು ತಗುಲಿದಾಗ ಅದರ ಮೇಲೆ ರಕ್ತನಾಳಗಳು ಗಾಡಿಚಕ್ರದ ಅರಗಳಂತೆ ಕೆಂಪಾಗಿ ಹರಡಿಕೊಳ್ಳುತ್ತವೆ. ಬರಬರುತ್ತ ತಮಟೆಯೆಲ್ಲ ಕೆಂಪಾಗಿ, ಮೊದಲು ಒಳಕ್ಕೆ ಸೆಳೆದುಕೊಂಡಿದ್ದದ್ದು ಈಗ ಹೊರಕ್ಕೆ ಉಬ್ಬುತ್ತದೆ. ಈ ಉಬ್ಬೇ ನಿಜವಾದ ಗುರುತು. ಕೆಂಪು ಬಣ್ಣವೊಂದನ್ನೇ ನಂಬಿ ಸೋಂಕು ಎಂದು ಹೇಳುವುದು ಸರಿಯಲ್ಲ. ಅತ್ತು ಅತ್ತು ಸುಸ್ತಾದ ಯಾವ ಮಗುವಿನ ತಮಟೆಯೂ ಕೆಂಪಾಗಿಯೇ ಕಾಣುತ್ತದೆ. ಆ ಕೆಂಪನ್ನು ನೋಡಿಯೇ ಎಷ್ಟೋ ಮಕ್ಕಳಿಗೆ ಬೇಡದ ಔಷಧಿ ಹೋಗುತ್ತಿದೆ ಎಂಬುದು ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿರುವ ಸಂಗತಿ.

ತಮಟೆಯ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಅದರ ತುಂಬ ನರಗಳ ತುದಿಗಳಿವೆ. ಅದನ್ನು ಕೀವು ಒಳಗಿನಿಂದ ಬಿಗಿಯಾಗಿ ತಳ್ಳಿದಾಗ ಆಗುವ ನೋವು ಸಾಮಾನ್ಯದ್ದಲ್ಲ. ಗಟ್ಟಿಮುಟ್ಟಾದ ರೈತರು ನನ್ನೆದುರು ಮಗುವಿನಂತೆ ಅತ್ತಿದ್ದನ್ನು ನೋಡಿದ್ದೇನೆ. ಅದು ರಾತ್ರಿಯಲ್ಲೇ ಕೆರಳುವುದಕ್ಕೂ ಕಾರಣವಿದೆ. ಮಲಗಿದಾಗ ತಲೆಯ ಕಡೆಗೆ ರಕ್ತ ಹೆಚ್ಚು ತುಂಬಿಕೊಂಡು ಪೊರೆಗಳು ಇನ್ನಷ್ಟು ಊದುತ್ತವೆ. ನಿದ್ದೆಯಲ್ಲಿ ಉಗುಳು ನುಂಗುವುದು ಕಡಿಮೆಯಾಗುವುದರಿಂದ ನಾಳ ತೆರೆಯುವುದೂ ಅಪರೂಪವಾಗುತ್ತದೆ. ಅಂಥ ಹೊತ್ತಿನಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ನೆಟ್ಟಗೆ ಎತ್ತಿಕೊಂಡರೆ ಅಳು ತುಸು ತಗ್ಗುವುದನ್ನು ತಾಯಂದಿರು ಕಂಡುಕೊಂಡಿದ್ದಾರೆ.

ಕೊನೆಗೆ ಉಬ್ಬಿದ ತಮಟೆಯಲ್ಲಿ ಎಲ್ಲೋ ಒಂದು ಕಡೆ ರಕ್ತ ಹರಿಯುವುದು ನಿಂತು, ಅಲ್ಲಿ ಹಳದಿ ಚುಕ್ಕೆಯೊಂದು ಮೂಡುತ್ತದೆ. ಒಡೆಯುವುದು ಆ ಜಾಗದಲ್ಲೇ. ಒಡೆದ ಕೂಡಲೇ ಒತ್ತಡ ಇಳಿಯುತ್ತದೆ, ನೋವು ತಟ್ಟನೆ ಹೋಗುತ್ತದೆ, ಜ್ವರ ಇಳಿಮುಖವಾಗುತ್ತದೆ. ಬೆಳಗಿನ ಜಾವ ನಿಮ್ಮ ಮಗಳು ನಿದ್ದೆ ಹೋದದ್ದು ಆ ಗಳಿಗೆಯಲ್ಲಿ. ಮೊದಲು ಬರುವುದು ರಕ್ತ ಬೆರೆತ ನೀರು, ಆಮೇಲೆ ಗಟ್ಟಿ ಕೀವು, ಕೊನೆಗೆ ತಿಳಿಯಾದ ಲೋಳೆ. ಆ ದಿನ ನೋಡಿದ್ದರೆ ತೂತಿನ ಬಾಯಲ್ಲಿ ಕೀವು ನಾಡಿಯೊಂದಿಗೆ ಮಿಡಿಯುತ್ತಿರುವುದು ಕಾಣುತ್ತಿತ್ತು. ದಿಂಬಿನ ಮೇಲೆ ರಕ್ತ ಕಂಡ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ, ಆದರೆ ಒಂದು ರೀತಿಯಲ್ಲಿ ಅದು ಬಿಡುಗಡೆ. ಬಾವು ಒಡೆದಾಗ ಏನಾಗುತ್ತದೋ ಅದೇ ಆಗಿದೆ. ಅಂಚುಗಳಿಂದ ಹೊಸ ಪೊರೆ ಬೆಳೆದು ಇಂಥ ಸಣ್ಣ ತೂತುಗಳು ಬಹುಪಾಲು ಕೆಲವೇ ವಾರಗಳಲ್ಲಿ ಮುಚ್ಚಿಕೊಳ್ಳುತ್ತವೆ. ಆರು ದಿನಕ್ಕೆ ಸೋರುವುದು ನಿಂತಿದೆ ಎಂದರೆ ಅವಳದ್ದೂ ಮುಚ್ಚಿರುವ ಸಾಧ್ಯತೆಯೇ ಹೆಚ್ಚು. ಎಲ್ಲ ಮಕ್ಕಳಲ್ಲೂ ತಮಟೆ ಒಡೆಯುತ್ತದೆ ಎಂದೇನೂ ಇಲ್ಲ. ಹೆಚ್ಚಿನವರಲ್ಲಿ ಊತ ಇಳಿದು ನಾಳ ತೆರೆದುಕೊಂಡು, ಕೀವು ಗಂಟಲಿಗೆ ಬಸಿದುಹೋಗುತ್ತದೆ.

ಈಗ ಎಣ್ಣೆಯ ಮಾತು. ಒಡೆಯದ ತಮಟೆ ಒಂದು ಗೋಡೆ. ಹೊರಗೆ ಹಾಕಿದ ಎಣ್ಣೆಯಾಗಲಿ, ಈರುಳ್ಳಿ ರಸವಾಗಲಿ, ಎದೆಹಾಲಾಗಲಿ ಗೋಡೆಯಾಚೆಯ ಕೀವನ್ನು ತಲುಪುವುದಿಲ್ಲ. ಬೆಚ್ಚಗಿನ ಎಣ್ಣೆಯಿಂದ ಸ್ವಲ್ಪ ಹಿತವೆನಿಸಿದ್ದರೆ ಅದು ಬಿಸಿಯ ಗುಣ. ಅದೇ ಹಿತವನ್ನು ಬೆಚ್ಚಗಿನ ಬಟ್ಟೆಯ ಶಾಖದಿಂದ ಹೊರಗಿನಿಂದಲೇ ಕೊಡಬಹುದು. ಎಣ್ಣೆ ಹಾಕುವಾಗ ತಮಟೆ ಆಗಲೇ ಒಡೆದಿದ್ದರೆ ಅದು ನೇರ ಒಳಗಿನ ಕೋಣೆಗೆ ಹೋಗುತ್ತದೆ, ತನ್ನೊಡನೆ ಕೊಳೆಯನ್ನೂ ಒಯ್ಯುತ್ತದೆ. ಬಿಸಿ ಅಂದಾಜು ತಪ್ಪಿದರೆ ಕಿವಿ ಸುಡುತ್ತದೆ. ಮರುದಿನ ನೋಡುವ ವೈದ್ಯರಿಗೆ ಎಣ್ಣೆಯ ಪಸೆಯಲ್ಲಿ ತಮಟೆ ಸರಿಯಾಗಿ ಕಾಣುವುದೂ ಇಲ್ಲ. ಹಾಗಾಗಿ ಇನ್ನು ಮುಂದೆ ಬೇಡ. ಇದನ್ನು ಅತ್ತೆಯವರಿಗೆ ತಿಳಿಸುವಾಗ, ಅಂದು ರಾತ್ರಿ ಅವರು ಎದ್ದು ಒಲೆ ಹಚ್ಚಿದ್ದು ಮೊಮ್ಮಗಳ ಸಂಕಟ ನೋಡಲಾರದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಹೇಳಿ.

ಆ ರಾತ್ರಿ ಅವಳಿಗೆ ಬೇಕಿದ್ದದ್ದು ನೋವು ಇಳಿಸುವ ಪ್ಯಾರಸಿಟಮಾಲ್. ಕಿಲೊ ತೂಕಕ್ಕೆ 10ರಿಂದ 15 ಮಿಲಿಗ್ರಾಂನಂತೆ ಒಂದು ಸಲಕ್ಕೆ ಕೊಡಬಹುದು, ದಿನಕ್ಕೆ ನಾಲ್ಕು ಸಲ ಮೀರಬಾರದು. ನಿಮ್ಮ ಮಗಳಿಗೆ ಗರಿಷ್ಠ 180 ಮಿಲಿಗ್ರಾಂ. ಇಲ್ಲಿ ಒಂದು ಅಪಾಯವನ್ನು ಒತ್ತಿ ಹೇಳಬೇಕು. ಔಷಧಿ ಅಂಗಡಿಯಲ್ಲಿ ಸಿಗುವ ಸಿರಪ್‌ಗಳು ಒಂದೇ ಸಾಂದ್ರತೆಯವಲ್ಲ. ಕೆಲವುಗಳಲ್ಲಿ 5 ಮಿಲಿಲೀಟರಿಗೆ 120 ಅಥವಾ 125 ಮಿಲಿಗ್ರಾಂ ಇದ್ದರೆ ಇನ್ನು ಕೆಲವುಗಳಲ್ಲಿ 250 ಇರುತ್ತದೆ. ಹಸುಗೂಸುಗಳ ಹನಿ ಔಷಧಿಯಲ್ಲಂತೂ ಒಂದೇ ಮಿಲಿಲೀಟರಿಗೆ 100 ಮಿಲಿಗ್ರಾಂ. ಕಳೆದ ಸಲ ಒಂದು ಮುಚ್ಚಳ ಕೊಟ್ಟಿದ್ದೆವು ಎಂದು ಈ ಸಲವೂ ಒಂದು ಮುಚ್ಚಳ ಕೊಡುವುದು ಸರಿಯಲ್ಲ. ಬಾಟಲಿಯ ಮೇಲಿನ ಅಂಕಿಯನ್ನು ಓದಿ, ತೂಕಕ್ಕೆ ಲೆಕ್ಕ ಹಾಕಿ. ಐಬುಪ್ರೊಫೆನ್ ಕೂಡ ಕಿವಿನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ನಮ್ಮಲ್ಲಿ ಮಳೆಗಾಲದ ಜ್ವರ ಡೆಂಗಿಯೂ ಆಗಿರಬಹುದು. ಡೆಂಗಿಯಲ್ಲಿ ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್ ಇಂಥವು ರಕ್ತಸ್ರಾವಕ್ಕೆ ದಾರಿ ಮಾಡಿಕೊಡುತ್ತವೆ. ಆದ್ದರಿಂದ ವೈದ್ಯರು ನೋಡದೆ ಅವನ್ನು ಮನೆಯಲ್ಲೇ ಕೊಡಬೇಡಿ. ಆಸ್ಪಿರಿನ್ ಅನ್ನು ಮಕ್ಕಳಿಗೆ ಕೊಡಲೇಬಾರದು.

ಆಂಟಿಬಯೋಟಿಕ್ ಬೇಕಿರಲಿಲ್ಲ ಎಂದವರ ಮಾತಿನಲ್ಲಿ ಅರ್ಧ ಸತ್ಯವಿದೆ. ಮಧ್ಯಕಿವಿಯ ಸೋಂಕು ತಗುಲಿದ ನೂರು ಮಕ್ಕಳಲ್ಲಿ ಸುಮಾರು ಅರವತ್ತು ಮಕ್ಕಳ ನೋವು, ಆಂಟಿಬಯೋಟಿಕ್ ಕೊಟ್ಟರೂ ಕೊಡದಿದ್ದರೂ, 24 ಗಂಟೆಯೊಳಗೆ ಕಡಿಮೆಯಾಗುತ್ತದೆ. ಉಳಿದವರಲ್ಲೂ ಹೆಚ್ಚಿನವರು ಎರಡು ಮೂರು ದಿನಗಳಲ್ಲಿ ಸುಧಾರಿಸುತ್ತಾರೆ. ಔಷಧಿಯಿಂದ ಭೇದಿ, ಮೈಮೇಲೆ ದದ್ದು ಆಗುವ ಸಾಧ್ಯತೆಯೂ ಇದೆ, ಬ್ಯಾಕ್ಟೀರಿಯಾಗಳು ಔಷಧಿಗೆ ಬಗ್ಗದಂತಾಗುವ ದೊಡ್ಡ ಕೇಡೂ ಇದೆ. ಆದ್ದರಿಂದ ಎರಡು ವರ್ಷ ದಾಟಿದ ಮಗುವಿಗೆ ನೋವು ಹೆಚ್ಚಿಲ್ಲದೆ, ಜ್ವರ 102ರ ಒಳಗೇ ಇದ್ದು, ಕಿವಿ ಸೋರದೆ ಇದ್ದರೆ ನೋವಿನ ಔಷಧಿ ಮಾತ್ರ ಕೊಟ್ಟು ಎರಡು ಮೂರು ದಿನ ಕಾದು ನೋಡುವುದು ಸರಿಯಾದ ಕ್ರಮ. ಕಾಯುವುದೆಂದರೆ ಮರೆಯುವುದಲ್ಲ, ಆ ಅವಧಿಯಲ್ಲಿ ತಗ್ಗದಿದ್ದರೆ ಮತ್ತೆ ತೋರಿಸಲೇಬೇಕು. ಆರು ತಿಂಗಳೊಳಗಿನ ಕೂಸು, ಎರಡು ವರ್ಷದೊಳಗಿದ್ದು ಎರಡೂ ಕಿವಿಗೆ ಸೋಂಕು ತಗುಲಿದ ಮಗು, ಜ್ವರ ನೋವು ತೀವ್ರವಾಗಿರುವ ಮಗು, ಕಿವಿ ಸೋರುತ್ತಿರುವ ಮಗು, ಇವರ ವಿಷಯದಲ್ಲಿ ಕಾಯುವುದಿಲ್ಲ. ನಿಮ್ಮ ಮಗಳಿಗೆ ಜ್ವರವೂ ಜೋರಾಗಿತ್ತು, ಕಿವಿಯೂ ಸೋರುತ್ತಿತ್ತು. ನಿಮ್ಮ ವೈದ್ಯರು ಮಾಡಿದ್ದು ಸರಿ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಸಾಮಾನ್ಯವಾಗಿ ನಾವು ಮೊದಲು ಬರೆಯುವುದು ಅಮಾಕ್ಸಿಸಿಲಿನ್. ಪುಡಿಗೆ ನೀರು ಬೆರೆಸುವ ಸಿರಪ್ ಆದರೆ ಕುದಿಸಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಿ, ಕುಲುಕಿ, ನೊರೆ ಇಳಿದ ಮೇಲೆ ಮತ್ತೆ ಗುರುತು ನೋಡಿಕೊಳ್ಳಬೇಕು. ಬೆರೆಸಿದ್ದನ್ನು ಎಷ್ಟು ದಿನ ಬಳಸಬಹುದೆಂದು ಪೊಟ್ಟಣದ ಮೇಲೆ ಬರೆದಿರುತ್ತದೆ. ಉಳಿದದ್ದನ್ನು ಮುಂದಿನ ನೆಗಡಿಗೆಂದು ಎತ್ತಿಡಬೇಡಿ.

ಕಾಯಿಲೆ ಹಿಡಿಯಬಹುದಾದ ಕೆಟ್ಟ ದಾರಿಯೊಂದಿದೆ, ಅದನ್ನೂ ಹೇಳಿಬಿಡಬೇಕು. ಕಿವಿಯ ಹಿಂದೆ ಕೈಗೆ ಸಿಗುವ ಉಬ್ಬಿದ ಮೂಳೆಯ ಹೆಸರು ಮ್ಯಾಸ್ಟಾಯ್ಡ್. ಒಳಗೆ ಅದು ಜೇನುಗೂಡಿನಂತೆ ಗಾಳಿಯ ಗೂಡುಗಳಿಂದ ತುಂಬಿದ್ದು, ಆ ಗೂಡುಗಳು ಮಧ್ಯಕಿವಿಗೆ ತೆರೆದುಕೊಂಡಿರುತ್ತವೆ. ಕೀವು ಅಲ್ಲಿಗೆ ನುಗ್ಗಿ, ಹೊರಬರಲಾಗದೆ ನಿಂತರೆ ಮೂಳೆಯನ್ನೇ ಕರಗಿಸುತ್ತದೆ. ಆಗ ಕಿವಿಯ ಹಿಂದೆ ಕೆಂಪು ಊತ ಕಾಣಿಸಿಕೊಂಡು, ಕಿವಿಯ ಹಾಲೆ ಮುಂದಕ್ಕೆ ತಳ್ಳಲ್ಪಟ್ಟು ಒಂದು ಕಿವಿ ಚಾಚಿಕೊಂಡಂತೆ ತೋರುತ್ತದೆ. ಆ ಮೂಳೆಯ ಗೋಡೆಯಾಚೆ ಮಿದುಳಿನ ಪೊರೆ, ದೊಡ್ಡ ರಕ್ತನಾಳ. ಮಧ್ಯಕಿವಿಯ ಗೋಡೆಯಲ್ಲೇ ಮುಖದ ಸ್ನಾಯುಗಳಿಗೆ ಹೋಗುವ ನರ. 1560ರ ಡಿಸೆಂಬರಿನಲ್ಲಿ ಫ್ರಾನ್ಸಿನ ದೊರೆ ಎರಡನೆಯ ಫ್ರಾನ್ಸಿಸ್ ಕಿವಿಯ ಬೇನೆಗೆ ಬಲಿಯಾದಾಗ ಅವನಿಗೆ ಹದಿನಾರು ವರ್ಷ. ಅರಮನೆಯ ವೈದ್ಯರಿಂದ ಏನೂ ಮಾಡಲಾಗಲಿಲ್ಲ. ಆಂಟಿಬಯೋಟಿಕ್ ಬಂದ ಮೇಲೆ ಇದು ಅಪರೂಪವಾಗಿದೆ, ಆದರೆ ಇಲ್ಲವಾಗಿಲ್ಲ. ಕಿವಿಯ ಹಿಂದೆ ಊತ, ಮುಖದ ಒಂದು ಬದಿ ಸೊಟ್ಟಗಾಗುವುದು, ಕುತ್ತಿಗೆ ಬಿಗಿತ, ನಿಲ್ಲದ ವಾಂತಿ, ಎಬ್ಬಿಸಿದರೂ ಮಂಪರು, ನಡೆಯುವಾಗ ಓಲಾಟ, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವುದನ್ನು ಕಾಯಬಾರದು. ಅಂಥ ರಾತ್ರಿ ಶಿವಮೊಗ್ಗಕ್ಕೆ ಓಡಲೇಬೇಕು. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೂ ಅಷ್ಟೇ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಬ್ಯಾಕ್ಟೀರಿಯಾ ಸತ್ತ ಮೇಲೂ ಕೋಣೆಯೊಳಗಿನ ದ್ರವ ಒಂದೇ ದಿನಕ್ಕೆ ಹೋಗುವುದಿಲ್ಲ. ನಾಳದ ಊತ ಇಳಿಯಬೇಕು, ಪೊರೆಯ ಮೇಲಿನ ಸೂಕ್ಷ್ಮ ರೋಮಗಳು ಮತ್ತೆ ಕೆಲಸ ಶುರು ಮಾಡಬೇಕು, ಹನಿ ಹನಿಯಾಗಿ ಅದು ಬಸಿಯಬೇಕು. ಸೋಂಕು ವಾಸಿಯಾದ ಎರಡು ವಾರಕ್ಕೆ ನೋಡಿದರೆ ನೂರರಲ್ಲಿ ಅರವತ್ತರಿಂದ ಎಪ್ಪತ್ತು ಮಕ್ಕಳ ಕಿವಿಯಲ್ಲಿ ದ್ರವ ಇನ್ನೂ ಇರುತ್ತದೆ. ಒಂದು ತಿಂಗಳಿಗೆ ಅದು ನಲವತ್ತಕ್ಕೆ ಇಳಿಯುತ್ತದೆ. ಮೂರು ತಿಂಗಳಾದ ಮೇಲೆ ಉಳಿಯುವುದು ಹತ್ತರಿಂದ ಇಪ್ಪತ್ತೈದು ಮಕ್ಕಳಲ್ಲಿ. ಈ ದ್ರವದಲ್ಲಿ ನೋವಿಲ್ಲ, ಜ್ವರವಿಲ್ಲ. ಆದರೆ ನೀರು ತುಂಬಿದ ಕೋಣೆಯಲ್ಲಿ ತಮಟೆಯೂ ಆ ಮೂರು ಮೂಳೆಗಳೂ ಸಲೀಸಾಗಿ ಅಲುಗುವುದಿಲ್ಲ. ಎರಡೂ ಕಿವಿಗೆ ಬೆರಳಿಟ್ಟುಕೊಂಡು ಟಿವಿ ನೋಡಿ, ಅವಳಿಗೆ ಹೇಗೆ ಕೇಳುತ್ತಿರಬಹುದೆಂದು ಅಂದಾಜು ಸಿಗುತ್ತದೆ. ಸುಮಾರು 25 ಡೆಸಿಬಲ್‌ನಷ್ಟು ಮಂದ. ಜೋರು ಮಾತು ಕೇಳುತ್ತದೆ. ಹಿಂದಿನಿಂದ ಮೆಲ್ಲಗೆ ಕರೆದದ್ದು, ಪದದ ಕೊನೆಯ ಅಕ್ಷರ, ಸ ಮತ್ತು ತ ಮೊದಲಾದ ಮೃದು ಧ್ವನಿಗಳು ಜಾರಿಹೋಗುತ್ತವೆ.

ನಿಮ್ಮ ಪತ್ರದಿಂದ ನಾನು ಊಹಿಸುತ್ತಿರುವ ಇನ್ನೊಂದು ಸಂಗತಿ ಇದೆ. ನೋವು ಬಂದದ್ದು ಬಲಗಿವಿಗೆ ಮಾತ್ರ. ಎಡಗಿವಿ ಪೂರ್ತಿ ಚೆನ್ನಾಗಿದ್ದಿದ್ದರೆ ನಿಶ್ಶಬ್ದವಾದ ಮನೆಯಲ್ಲಿ ಅವಳು ಕರೆಗೆ ಓಗೊಡುತ್ತಿದ್ದಳು, ದಿಕ್ಕು ತಪ್ಪುತ್ತಿದ್ದಳು ಅಷ್ಟೇ. ಟಿವಿ ಜೋರು ಮಾಡು ಎನ್ನುವ ಮಟ್ಟಕ್ಕೆ ಬಂದಿದ್ದರೆ, ನೋವೇ ಮಾಡದ ಆ ಎಡಗಿವಿಯಲ್ಲೂ ದ್ರವ ನಿಂತಿರುವ ಸಾಧ್ಯತೆ ಇದೆ. ನೆಗಡಿಯಲ್ಲಿ ಎರಡೂ ನಾಳಗಳು ಊದಿದ್ದವು. ಒಂದು ಕಡೆ ಬ್ಯಾಕ್ಟೀರಿಯಾ ಗೆದ್ದು ಗಲಾಟೆ ಮಾಡಿತು, ಇನ್ನೊಂದು ಕಡೆ ಬರಿಯ ನೀರು ಸದ್ದಿಲ್ಲದೆ ತುಂಬಿತು.

ನನ್ನ ಬಳಿಗೆ ಆರು ವರ್ಷದ ಹುಡುಗನೊಬ್ಬನನ್ನು ಕರೆತಂದಿದ್ದರು. ಶಾಲೆಯಲ್ಲಿ ಗಮನವಿಲ್ಲ, ಹಟಮಾರಿ, ಹೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ ಎಂಬ ದೂರು. ಹಿಂದಿನ ಬೆಂಚಿಗೆ ಕಳಿಸಿದ್ದರು, ಮನೆಯಲ್ಲಿ ಪೆಟ್ಟೂ ಬಿದ್ದಿತ್ತು. ಎರಡೂ ಕಿವಿಯಲ್ಲಿ ಅಂಟಿನಂಥ ದ್ರವ ತಿಂಗಳುಗಟ್ಟಲೆ ನಿಂತಿತ್ತು. ಒಂದು ವರ್ಷದ ಹಿಂದೆ ಕಿವಿನೋವಾಗಿತ್ತಂತೆ, ವಾಸಿಯಾಯಿತೆಂದು ಮತ್ತೆ ಯಾರೂ ನೋಡಿರಲಿಲ್ಲ. ದ್ರವ ತೆಗೆದು ತಮಟೆಯಲ್ಲಿ ಗ್ರಾಮೆಟ್ ಎಂಬ ಪುಟ್ಟ ಕೊಳವೆ ಇಟ್ಟ ಮೇಲೆ ಅವನು ತಾಯಿಯನ್ನು ಕೇಳಿದ ಮೊದಲ ಮಾತು, ‘ಯಾಕೆ ಎಲ್ಲರೂ ಕೂಗಾಡುತ್ತಿದ್ದೀರಿ?’ ಆ ತಾಯಿ ಅತ್ತದ್ದನ್ನು ನಾನು ಮರೆತಿಲ್ಲ. ಎರಡು ಮೂರು ವರ್ಷದ ವಯಸ್ಸಿನಲ್ಲಿ ಮಕ್ಕಳು ದಿನಕ್ಕಿಷ್ಟು ಹೊಸ ಪದ ಎಂದು ಹೆಕ್ಕಿಕೊಳ್ಳುತ್ತಿರುತ್ತಾರೆ. ಆ ಕಾಲದಲ್ಲಿ ತಿಂಗಳುಗಟ್ಟಲೆ ಮಂದ ಕೇಳಿದರೆ ಮಾತಿಗೆ ಪೆಟ್ಟು ಬೀಳಬಹುದು.

ನಿಮ್ಮ ಮಗಳ ವಿಷಯದಲ್ಲಿ ಈಗಲೇ ಹೆದರುವ ಕಾರಣವಿಲ್ಲ. ಮೂರು ವಾರಕ್ಕೆ ದ್ರವ ಇರುವುದು ನಿರೀಕ್ಷಿತವೇ, ಹೆಚ್ಚಿನ ಮಕ್ಕಳಲ್ಲಿ ಅದು ತಾನಾಗಿಯೇ ಹೋಗುತ್ತದೆ. ಅದನ್ನು ಬೇಗ ಒಣಗಿಸಲೆಂದು ಮತ್ತೆ ಆಂಟಿಬಯೋಟಿಕ್ ಬೇಡ. ನೆಗಡಿಯ ಸಿರಪ್‌ಗಳಿಂದಲೂ ಈ ದ್ರವ ಬೇಗ ಇಳಿಯುವುದಿಲ್ಲ. ಮೂಗು ಕಟ್ಟಿದರೆ ಉಪ್ಪುನೀರಿನ ಹನಿ ಸಾಕು. ಬೇಕಾದದ್ದು ತಾರೀಖು ಗುರುತು ಹಾಕಿಕೊಂಡು ನೋಡುವ ಶಿಸ್ತು. ಇನ್ನೊಂದು ಮೂರು ವಾರ ಬಿಟ್ಟು ಕಿವಿ ಮೂಗು ಗಂಟಲು ತಜ್ಞರಲ್ಲಿ ತೋರಿಸಿ. ತೂತು ಮುಚ್ಚಿದೆಯೇ, ದ್ರವ ಇದೆಯೇ ಎರಡನ್ನೂ ಅವರು ನೋಡುತ್ತಾರೆ. ಟಿಂಪನೋಮೆಟ್ರಿ ಎಂಬ ಪರೀಕ್ಷೆ ಕೆಲವೇ ಸೆಕೆಂಡಿನದ್ದು, ನೋವಿಲ್ಲ, ಮಗು ಉತ್ತರ ಹೇಳಬೇಕಾಗಿಲ್ಲ. ತಮಟೆ ಎಷ್ಟು ಅಲುಗುತ್ತದೆಂದು ಯಂತ್ರವೇ ಗೆರೆ ಎಳೆದು ತೋರಿಸುತ್ತದೆ. ಮೂರು ತಿಂಗಳಾದರೂ ದ್ರವ ಉಳಿದಿದ್ದರೆ ಶ್ರವಣ ಪರೀಕ್ಷೆ ಆಗಲೇಬೇಕು. ಈಗಾಗಲೇ ಅವಳ ಮಾತು ತಡವಾಗಿದೆ ಅನ್ನಿಸುತ್ತಿದ್ದರೆ ಮೂರು ತಿಂಗಳು ಕಾಯದೆ ಈಗಲೇ ಮಾಡಿಸಿ. ಈ ವಯಸ್ಸಿನ ಮಕ್ಕಳಿಗೆ ಆಟವಾಡಿಸುತ್ತಲೇ ಪರೀಕ್ಷಿಸುವ ವಿಧಾನಗಳಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಈ ಕೆಲಸಕ್ಕೇ ಮೀಸಲಾಗಿದೆ, ನಮ್ಮ ರಾಜ್ಯದ ಭಾಗ್ಯ ಅದು. ಹತ್ತಿರದಲ್ಲೇ ಆಗಬೇಕೆಂದರೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಅಲ್ಲಿಯವರೆಗೆ ಅವಳೊಂದಿಗೆ ಮಾತನಾಡುವಾಗ ಟಿವಿ ಆರಿಸಿ, ಅವಳ ಎತ್ತರಕ್ಕೆ ಕೂತು, ಮುಖ ನೋಡಿ ಮಾತನಾಡಿ. ಕೂಗಬೇಡಿ, ನಿಧಾನವಾಗಿ ಸ್ಪಷ್ಟವಾಗಿ ಹೇಳಿ. ತೂತು ಮುಚ್ಚಿದೆ ಎಂದು ಖಚಿತವಾಗುವ ತನಕ ತಲೆಗೆ ನೀರು ಹಾಕುವಾಗ ವ್ಯಾಸಲಿನ್ ಸವರಿದ ಹತ್ತಿಯ ಉಂಡೆಯನ್ನು ಕಿವಿಯ ಬಾಯಿಗೆ ಇಡಿ, ಹೊಳೆಯಲ್ಲಿ ಮುಳುಗಿಸಬೇಡಿ. ಮತ್ತೆ ಸೋರಿದರೆ ಮನೆಯಲ್ಲಿರುವ ಹಳೆಯ ಕಿವಿ ಹನಿಯನ್ನು ಹಾಕಬೇಡಿ. ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಹನಿಗಳು ತೂತಿನ ಮೂಲಕ ಒಳಗಿವಿ ಸೇರಿದರೆ ಅಲ್ಲಿ ಸದ್ದನ್ನು ಗ್ರಹಿಸುವ ರೋಮಕೋಶಗಳಿಗೆ ಹಾನಿ ಮಾಡಬಲ್ಲವು. ಎರಡು ವಾರ ದಾಟಿಯೂ ಸೋರುವ ಕಿವಿ ಬೇರೆಯದೇ ಕಾಯಿಲೆಯ ಹಾದಿ ಹಿಡಿದಿದೆ ಎಂದು ತಿಳಿಯಿರಿ. ದುರ್ವಾಸನೆಯ ಕೀವಾದರಂತೂ ತಜ್ಞರು ನೋಡಲೇಬೇಕು.

ಮತ್ತೆ ಬರದಂತೆ ತಡೆಯುವುದು ಪೂರ್ತಿ ನಮ್ಮ ಕೈಯಲ್ಲಿಲ್ಲ, ಸ್ವಲ್ಪ ಇದೆ. ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಿದ್ದರೆ ಆ ಹೊಗೆ ಮಗುವಿನ ನಾಳದ ರೋಮಗಳನ್ನು ಮಂಕಾಗಿಸುತ್ತದೆ. ಮಲಗಿಸಿಯೇ ಬಾಟಲಿ ಹಾಲು ಕುಡಿಸುವ ಅಭ್ಯಾಸವಿದ್ದರೆ ನಿಲ್ಲಿಸಿ. ತಾಯಿ ಕಾರ್ಡ್ ತೆಗೆದು ನ್ಯೂಮೊಕಾಕಲ್ ಲಸಿಕೆಯ ಮೂರು ಡೋಸು, ಒಂದೂವರೆ ತಿಂಗಳು, ಮೂರೂವರೆ ತಿಂಗಳು ಮತ್ತು ಒಂಬತ್ತು ತಿಂಗಳಿನದ್ದು, ಆಗಿದೆಯೇ ನೋಡಿ. 2021ರಿಂದ ದೇಶದಾದ್ಯಂತ ಅದು ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತವಾಗಿ ಸಿಗುತ್ತಿದೆ. ತಪ್ಪಿಹೋಗಿದ್ದರೆ ಮಕ್ಕಳ ವೈದ್ಯರನ್ನು ಕೇಳಿ. ಆರು ತಿಂಗಳಲ್ಲಿ ಮೂರು ಸಲ ಅಥವಾ ವರ್ಷದಲ್ಲಿ ನಾಲ್ಕು ಸಲ ಹೀಗೆ ಆದರೆ ಅಡಿನಾಯ್ಡ್, ಗ್ರಾಮೆಟ್ ವಿಚಾರ ಮಾತನಾಡಬೇಕಾಗುತ್ತದೆ. ಈಗ ಅದರ ಚಿಂತೆ ಬೇಡ.

ಮೂರು ವಾರ ಬಿಟ್ಟು ಹೋದಾಗ ವೈದ್ಯರು ಸಹಜವಾಗಿ ಸೋರಿದ ಬಲಗಿವಿಯನ್ನೇ ಮೊದಲು ನೋಡುತ್ತಾರೆ. ತೂತು ಮುಚ್ಚಿದೆ, ಇನ್ನೇನೂ ತೊಂದರೆಯಿಲ್ಲ ಎಂದರೆ ನಿಮಗೆ ಎಷ್ಟು ಸಮಾಧಾನವಾಗುತ್ತದೆಂದು ನನಗೆ ಗೊತ್ತು. ಆಗಲೂ ಎದ್ದು ಬರುವ ಮುನ್ನ, ಕರೆದರೆ ತಿರುಗುವುದಿಲ್ಲ ಎಂಬುದನ್ನು ಅವರಿಗೆ ತಿಳಿಸಿ, ಎಡಗಿವಿಯನ್ನೂ ನೋಡಿ ಎಂದು ಕೇಳಿ.